ಮೊಳೆಯಲ್ಲಿ ಉಳಿದ ತಗಡಿನ ಬಿಲ್ಲೆ

ಸಿಂದಗಿಯ ಒಂದು ತೊಗರಿಬೇಳೆ ಮಿಲ್ಲಿನ ಕಂಪ್ಯೂಟರನ್ನು ನಾನು ನೋಡಿಕೊಳ್ಳುತ್ತಿದ್ದೆ. ತಿಂಗಳಿಗೊಮ್ಮೆ ಬಸವನ ಬಾಗೇವಾಡಿಯಿಂದ ಬಸ್ಸಿನಲ್ಲಿ ಹೋಗುವುದು. ತೂಕದ ಕೋಣೆಯಲ್ಲಿ ಅದರ ಮುಂದೆ ಕೂರುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಣ್ಣುಮಗಳು. ನಾನು ಅಕ್ಕಾ ಎನ್ನುತ್ತಿದ್ದೆ.

ಆ ಸಲ ಪರದೆಯ ಮೇಲೆ, ಡಿಸ್ಕ್ ದಿನವಿಡೀ ನೂರಕ್ಕೆ ನೂರು ದುಡಿಯುತ್ತಿದೆ ಎಂದಿತ್ತು. ತೂಕ ಬರೆಯಲು ಅಷ್ಟು ಬೇಕಿಲ್ಲ, ಬೇರೇನೋ ಓಡುತ್ತಿದೆ ಎಂದು ಮಾಲೀಕರೆದುರು ಖಾತ್ರಿಯಿಂದ ಹೇಳಿಬಿಟ್ಟೆ.

"ಅಂದ್ರ ಈಕಿ ಸಿನಿಮಾ ನೋಡ್ಕೋತ ಕುಂದರತಾಳ. ಸೋಮವಾರದಿಂದ ಬ್ಯಾರೆಯವ್ರನ್ನ ತರ್ತೇನಿ," ಎಂದರು ಮಾಲೀಕರು.

"ಸಾವಕಾರ್ರ, ಈ ಚಷ್ಮಾದಾಗ ತೂಕದ ಅಂಕಿನ ನೆಟ್ಟಗ ಕಾಣಂಗಿಲ್ಲ. ಸಿನಿಮಾ ಎಲ್ಲಿಂದ ನೋಡ್ಲಿರಿ?" ಎಂದರು ಅಕ್ಕ.

ಮನೆಗೆ ಬಂದರೂ ಸಮಾಧಾನವಿರಲಿಲ್ಲ. ಪರದೆಯ ಅದೇ ಸಾಲಿನಲ್ಲಿ ಡಿಸ್ಕ್ ಓದಿದ್ದು ಸೊನ್ನೆ, ಬರೆದದ್ದು ಸೊನ್ನೆ ಎಂದೂ ಇತ್ತಲ್ಲ? ಅಥವಾ ಅದು ನನ್ನ ಕಲ್ಪನೆಯೋ? ಮರುದಿನ ಮತ್ತೆ ಹೋದೆ. ಇತ್ತು. ಕೆಲಸವೇ ಇಲ್ಲದ ಡಿಸ್ಕಿನಲ್ಲಿ "ಈಗ ನಡೆಯುತ್ತಿರುವ ಕೆಲಸ ಒಂದು" ಎಂಬ ಲೆಕ್ಕ ಇಳಿಯದೆ ನಿಂತಿತ್ತು.

ಅದನ್ನು ಅಕ್ಕನಿಗೆ ಹೇಳಿದೆ. ಅವರು ಕಿಟಕಿಯಿಂದ ಗೇಟು ತೋರಿಸಿದರು. ಟ್ರ್ಯಾಕ್ಟರ್ ಒಳಗೆ ಬಂದರೆ ಕಾವಲುಗಾರ ಅಲ್ಲಿನ ಮೊಳೆಗೆ ಒಂದು ತಗಡಿನ ಬಿಲ್ಲೆ ತೂಗುಹಾಕುತ್ತಾನೆ, ಹೊರಗೆ ಹೋದರೆ ತೆಗೆಯುತ್ತಾನೆ.

"ಗೇಟಿನ ಮಾಮಾ ಊಟಕ್ಕ ಹೋದಾಗ ಗಾಡಿ ಹೊರಗ ಹೋದ್ರ ಬಿಲ್ಲಿ ಅಲ್ಲೇ ಉಳಿತೈತ್ರಿ. ಅಂಗಳ ಖಾಲಿ, ಮೊಳಿ ನೋಡಿದ್ರ ಗಾಡಿ ಐತಿ!"

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕೂಡ ಹೀಗೆಯೇ ಎಣಿಸುತ್ತದೆ: ಕೆಲಸ ಶುರುವಾದರೆ ಒಂದು ಕೂಡಿಸಿ, ಮುಗಿದರೆ ಕಳೆಯುತ್ತದೆ. ಅಲ್ಲಿದ್ದದ್ದು ಹಳೆಯ ಕರ್ನಲ್. ಕೆಲಸ ಅರ್ಧದಲ್ಲಿರುವಾಗ ಆದೇಶ ಕೊಟ್ಟು ಎಣಿಕೆ ನಿಲ್ಲಿಸಿದರೆ ಅದು ಮುಗಿದದ್ದನ್ನು ಯಾರೂ ಕಳೆಯುವುದಿಲ್ಲ; ಉಳಿದ ಆ ಒಂದರಿಂದ ಡಿಸ್ಕ್ ಸದಾ ದುಡಿಯುತ್ತಿರುವಂತೆ ಕಾಣುತ್ತದೆ. ನಂಬದೆ ಪರೀಕ್ಷಿಸಿದೆ. ತಿಂಗಳಿನಿಂದ ಆರಿಸದಿದ್ದ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಾಗ ಲೆಕ್ಕ ಸೊನ್ನೆಯಾಯಿತು. ದೊಡ್ಡ ಫೈಲೊಂದು ನಕಲಾಗುತ್ತಿರುವಾಗ ಎಣಿಕೆ ನಿಲ್ಲಿಸಿ, ಆಮೇಲೆ ಶುರುಮಾಡಿದೆ. ಒಂದು ಉಳಿಯಿತು. ಮತ್ತೆ ನೂರಕ್ಕೆ ನೂರು.

ಮೊದಲು ಹೀಗೆ ಮಾಡಿದವರಾರು? ನಾನಂತೂ ಮುಟ್ಟಿಲ್ಲ ಎಂದು ಆಣೆ ಮಾಡಲೂ ಸಿದ್ಧನಿದ್ದೆ. ಯಂತ್ರದಲ್ಲಿ ಉಳಿದ ಹಳೆಯ ಆದೇಶಗಳ ಪಟ್ಟಿ ತೆರೆದೆ. ಹಿಂದಿನ ತಿಂಗಳ ನನ್ನ ಭೇಟಿಯ ದಿನ, ನನ್ನದೇ ಖಾತೆಯಿಂದ ಎಣಿಕೆ ನಿಲ್ಲಿಸಿದ ಆದೇಶ; ಅದರ ಕೆಳಗೆ ಶುರುಮಾಡಿದ್ದು. ಆ ದಿನ ಫ್ಯಾನಿನ ಧೂಳು ಒರೆಸಿದ್ದು, ಚಹಾ ಕುಡಿದದ್ದು ನೆನಪಿದೆ. ಇದು ಈಗಲೂ ನೆನಪಿಲ್ಲ.

"ಹಂಗಾರ ತಪ್ಪು ಯಾರದು?" ಕರೆದು ಎಲ್ಲ ತೋರಿಸಿದಾಗ ಮಾಲೀಕರು ಕೇಳಿದರು.

"ನಂದ್ರಿ. ಅಕ್ಕಾರದು ಏನೂ ಇಲ್ಲ."

ಮಾಲೀಕರು ಅಕ್ಕನತ್ತ ನೋಡದೆ, "ಇರ್ಲಿ, ಈಕಿನ ನಡಸ್ಲಿ," ಎಂದು ಹೊರಗೆ ಹೋದರು.

ಅಕ್ಕ ನನ್ನ ಮುಂದೆ ತೂಕದ ಚೀಟಿಯೊಂದನ್ನು ಮಗುಚಿ ಇಟ್ಟರು.

"ನಿನ್ನೀನೂ ಇಷ್ಟ ಖಾತ್ರಿಲೇ ಹೇಳಿದ್ರಿ, ಸರ. ಈಗ ಹೇಳಿದ್ದು ಬರದು ಸಹಿ ಮಾಡ್ರಿ."

ಬರೆದೆ. ಅವರು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿ, ಮಡಚಿ, ಚಷ್ಮಾದ ಡಬ್ಬಿಯಲ್ಲಿಟ್ಟುಕೊಂಡರು.