ವೇಗಕ್ಕೆ ಹೆದರಿದ ಸದಾಶಿವ ಮಾವ

ಬೇಲಾಪುರದ ನಮ್ಮ ಆಫೀಸಿನ ಕಿಟಕಿ ಗಾಜು ಈಗೀಗ ಆಗಾಗ ಸಣ್ಣಗೆ ನಡುಗುತ್ತದೆ. ಹೊಸ ನಿಲ್ದಾಣಕ್ಕೆ ಇಳಿಯುವ ವಿಮಾನಗಳು. ಪಕ್ಕದ ಮೇಜಿನವರು ತಲೆಯೆತ್ತುವುದಿಲ್ಲ. ನನಗೆ ಮಾತ್ರ ಸದಾಶಿವ ಮಾವ ನೆನಪಾಗುತ್ತಾರೆ.

ಅವರು ಅಮ್ಮನ ಅಣ್ಣ. ಉಡುಪಿಯಲ್ಲಿ ಹುಟ್ಟಿ, ವಾಯುಪಡೆಯಲ್ಲಿ ಯುದ್ಧವಿಮಾನ ಹಾರಿಸಿ, ಕೊನೆಗೆ ಡೊಂಬಿವಲಿಯ ನಮ್ಮದೇ ವಸತಿ ಸೊಸೈಟಿಗೆ ಬಂದಿಳಿದವರು. ಫೈಟರ್ ಪೈಲಟ್ ಎಂದರೆ ಗಿರಿಜಾ ಮೀಸೆ, ಕಪ್ಪು ಕನ್ನಡಕ ಎಂದೆಲ್ಲ ಗೆಳತಿಯರಿಗೆ ಹೇಳಿಟ್ಟಿದ್ದೆ. ಬಂದವರು ಬನಿಯನ್ ತೊಟ್ಟು ಬಾಲ್ಕನಿಯಲ್ಲಿ ಬಸಳೆ ಬಳ್ಳಿ ಹಬ್ಬಿಸುವ ಮನುಷ್ಯ. ನನ್ನ ಮರ್ಯಾದೆ ಹೋಯಿತು.

ಕೆಲಸ ಯಾಕೆ ಬೇಗ ಬಿಟ್ಟಿರಿ ಎಂದು ಒಂದು ಸಂಜೆ ಕೇಳಿದೆ.

"ದೊಡ್ಡವರ ಮುಂದೆ ಪ್ರದರ್ಶನ. ತಗ್ಗಿನಲ್ಲಿ ಹಾರಬೇಕಿತ್ತು. ರೆಕ್ಕೆಯಡಿ ಇಂಧನದ ಹೆಚ್ಚುವರಿ ಟ್ಯಾಂಕು. ಅದು ಇದ್ದರೆ ವೇಗದ ಮಿತಿ ಕಡಿಮೆ. ಮೇಲಿನವರು ಮಿತಿ ದಾಟಿಸು ಅಂದರು. ಆಗುವುದಿಲ್ಲ ಅಂದೆ."

"ವಿಮಾನಕ್ಕೆ ಅಷ್ಟು ತಾಕತ್ತು ಇರಲಿಲ್ಲವಾ?"

"ಇಂಜಿನಿಗೆ ಬೇಕಾದಷ್ಟು ಉಂಟು ಮಾರಾಯ್ತಿ. ಮೇಲೆ ತೆಳು ಗಾಳಿಯಲ್ಲಿ ಶಬ್ದವನ್ನೇ ಹಿಂದೆ ಹಾಕಬಹುದು. ನೆಲದ ಹತ್ತಿರ ಗಾಳಿ ದಪ್ಪ, ಗೋಡೆಯ ಹಾಗೆ ಗುದ್ದುತ್ತದೆ. ಗೆರೆ ದಾಟಿದರೆ ರೆಕ್ಕೆ ಅದುರಲಿಕ್ಕೆ ಶುರುವಾಗಬಹುದು. ಶುರುವಾದರೆ ನಿಲ್ಲಿಸಲಿಕ್ಕೆ ಪುರುಸೊತ್ತು ಸಿಗುವುದಿಲ್ಲ."

ಬೇರೊಬ್ಬ ಪೈಲಟ್ ಅದೇ ವಿಮಾನವನ್ನು ಮಿತಿ ಮೀರಿ ಓಡಿಸಿ ಕ್ಷೇಮವಾಗಿ ಇಳಿದನಂತೆ. ಅವನಿಗೆ ಚಪ್ಪಾಳೆ. ಮಾವನ ಬಡ್ತಿ ಅಲ್ಲಿಗೇ ನಿಂತಿತು.

"ಹಾಗಾದರೆ ನೀವು ಹೇಳಿದ್ದೇ ತಪ್ಪಾಯಿತಲ್ಲ?" ಎಂದೆ.

"ಅವನು ಬದುಕಿ ಬಂದ, ನನಗೂ ಸಂತೋಷ. ಅದರಿಂದ ಗೆರೆ ಆಚೆ ಸರಿಯಿತಾ?"

ನಾನೋ, ಚಲಿಸುವ ಲೋಕಲ್ ರೈಲಿಗೆ ಜಿಗಿದು ಹತ್ತುವವಳು. ಇದೆಲ್ಲ ಮುದುಕರ ಮಾತು ಎಂದುಕೊಂಡೆ. ಸೊಸೈಟಿಯ ಮೀಟಿಂಗಿನಲ್ಲಿ ಯಾರೋ "ಸ್ಪೀಡಿಗೆ ಹೆದರಿದ ಪೈಲಟ್" ಎಂದು ಮರಾಠಿಯಲ್ಲಿ ಕಿಚಾಯಿಸಿದಾಗ ನಾನು ನೆಲ ನೋಡಿದೆ. ಮಾವ ಎದ್ದು ನಿಂತು ಮರಾಠಿಯಲ್ಲೇ ಹೇಳಿದರು: "ಹೌದು, ಹೆದರಿದೆ. ಬೇಕಾದರೆ ನೋಟೀಸ್ ಬೋರ್ಡಿನಲ್ಲಿ ಬರೆಯಿರಿ. ಕೆಳಗೆ ನಾನೇ ಸಹಿ ಹಾಕುತ್ತೇನೆ." ಯಾರೂ ನಗಲಿಲ್ಲ.

ಮಾವ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, ತುರ್ಭೆಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ನಾನು ಪಾಳಿಯ ಇಂಜಿನಿಯರ್ ಆಗಿದ್ದೆ. ಆರ್ಡರ್ ತುರ್ತಿನದು. ರಾಸಾಯನಿಕ ಕುದಿಯುವ ರಿಯಾಕ್ಟರಿನ ಬಿಸಿಯನ್ನು ಮಿತಿಗಿಂತ ಏರಿಸಿ ಎಂದರು ಮ್ಯಾನೇಜರ್.

"ಥೋಡಾ ಸಾ ಹೀ ತೋ ಹೈ, ಮೇಡಂ." ಸ್ವಲ್ಪವೇ ತಾನೇ ಎಂಬ ಧಾಟಿ.

ಸಿಡಿದರೆ ಕಾಂಪೌಂಡಿನಾಚೆಯೇ ಕೂಲಿಯವರ ಮನೆಗಳು. ಗೋಡೆಯ ಮೇಲೆಯೇ ಅವರ ಬಟ್ಟೆ ಒಣಗುತ್ತಿತ್ತು. ಆಗುವುದಿಲ್ಲ ಎಂದೆ. ಧೀರಳಂತೆ ಹೇಳಿದೆ ಎಂದುಕೊಳ್ಳಬೇಡಿ, ಅವರ ಮುಖ ಬಿಟ್ಟು ಬಿಸಿಯ ಮುಳ್ಳನ್ನೇ ನೋಡುತ್ತ ಹೇಳಿದೆ. ಮುಂದಿನ ಪಾಳಿಯವರು ಬಿಸಿ ಏರಿಸಿದರು. ಏನೂ ಆಗಲಿಲ್ಲ. ಕ್ಯಾಂಟೀನಿನಲ್ಲಿ ನಕ್ಕರು. ಕಾರ್ಖಾನೆಯಿಂದ ಎತ್ತಿ ನನ್ನನ್ನು ಬೇಲಾಪುರದ ಈ ಆಫೀಸಿಗೆ ಹಾಕಿದರು. ಇಲ್ಲಿ ನನಗೆ ಕಾಯಿಸಲು ಚಹಾ ಬಿಟ್ಟರೆ ಬೇರೇನೂ ಇಲ್ಲ.

ಇವತ್ತು ಮಧ್ಯಾಹ್ನ ಅದೇ ಮ್ಯಾನೇಜರ್ ಫೋನ್ ಮಾಡಿದರು. ಅನುಭವ ಇರುವವರು ಸಿಗುತ್ತಿಲ್ಲವಂತೆ. "ವಾಪಸ್ ಆ ಜಾಯಿಯೇ. ಬಸ್, ಇಸ್ ಬಾರ್ ಥೋಡಾ ಅಡ್ಜಸ್ಟ್ ಕೀಜಿಯೇ." ಮರಳಿ ಬರಬೇಕಂತೆ, ಈ ಸಲ ಸ್ವಲ್ಪ ಹೊಂದಿಕೊಳ್ಳಬೇಕಂತೆ.

"ಬರುತ್ತೇನೆ" ಎಂದು ಅವರ ಹಿಂದಿಯಲ್ಲೇ ಹೇಳಿದೆ. "ಆದರೆ ಈಗಲೇ ಕೇಳಿಕೊಳ್ಳಿ. ನೀವು ಮತ್ತೆ ಹೇಳುತ್ತೀರಿ, ನಾನು ಮತ್ತೆ ಆಗುವುದಿಲ್ಲ ಅನ್ನುತ್ತೇನೆ."

ಫೋನ್ ಕಿವಿಗೆ ಹಿಡಿದುಕೊಂಡೇ ಚಹಾದ ಲೋಟ ಬದಿಗೆ ಸರಿಸಿದೆ.

"ಸೋಮವಾರ ಬನ್ನಿ" ಎಂದರು.