ಎಡಗಿವಿಯ ತಂತಿ

ಇಯರ್‌ಫೋನಿನ ಎಡಗಡೆ ತಂತಿಯನ್ನು ಸೊಪ್ಪು ಹೆಚ್ಚುವ ಚಾಕುವಿನಿಂದ ಕೊಯ್ದು, ಅದರ ಮೇಲೆ ಕಪ್ಪು ಟೇಪು ಸುತ್ತಿಟ್ಟೆ. ಅಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತಪ್ಪು ಮಾಡುತ್ತಿದ್ದೇನೆ ಅಂತ ಅನ್ನಿಸಲಿಲ್ಲ. ಆ ವರ್ಷ ನನಗೆ ಯಾವುದೂ ಅಷ್ಟಾಗಿ ಅನ್ನಿಸುತ್ತಿರಲಿಲ್ಲ.

ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಕೆಂಚಾರ್ಲಹಳ್ಳಿ ಕಡೆಯ ನಮ್ಮೂರಿನಲ್ಲಿ ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರೆ ಹೊತ್ತು ತರುತ್ತಿದ್ದವನು ಅಪ್ಪ, ಹುಳಕ್ಕೆ ಹಾಕುತ್ತಿದ್ದವಳು ಅಮ್ಮ. ಅಪ್ಪ ಹೋದ ಮೇಲೆ ತೋಟವನ್ನು ಪಕ್ಕದ ಮನೆಯವರಿಗೆ ಗುತ್ತಿಗೆಗೆ ಕೊಟ್ಟು, ಹುಳದ ಮನೆಗೆ ಸುಣ್ಣ ಹೊಡೆದು ಖಾಲಿ ಬಿಟ್ಟೆವು. ಅಮ್ಮನ ನಿದ್ದೆ ಹೋಯಿತು. ಚಿಂತಾಮಣಿಯ ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಮಾರನೆಯ ದಿನವೆಲ್ಲ ಮಂಕು. ಒಂದು ಸಲ ಬಿಸಿ ಸಾರಿನ ಪಾತ್ರೆ ಕೈಜಾರಿ ಪಾದದ ಮೇಲೆ ಬಿತ್ತು. ಅವತ್ತಿಗೆ ಮಾತ್ರೆ ಬಿಟ್ಟಳು. ಮುರುಗಮಲ್ಲದ ದರ್ಗಾದಿಂದ ಯಾರೋ ತಂದುಕೊಟ್ಟ ತಾಯಿತ ದಿಂಬಿನ ಕೆಳಗಿತ್ತು. ಅದರ ಬಗ್ಗೆ ನಾನು ಏನೂ ಅನ್ನಲಿಲ್ಲ. ಅದಕ್ಕೆ ವಿಜ್ಞಾನದ ಹೆಸರಿರಲಿಲ್ಲವಲ್ಲ.

ಆಮೇಲೆ ಮನೆಗೆ ಬಂದ ನಿದ್ದೆಯ ಸಿ.ಡಿ.ಗೆ ಇತ್ತು. ತಂದವರು ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತರಾಗಿದ್ದ ನಮ್ಮ ಚಿಕ್ಕಪ್ಪ. ಯಾವುದೋ ಧ್ಯಾನ ಶಿಬಿರದಲ್ಲಿ ಕೊಂಡಿದ್ದರಂತೆ. ಪ್ಲೇಯರನ್ನೂ ಜೊತೆಗೇ ಹೊತ್ತು ತಂದಿದ್ದರು.

"ಎಡಗಿವಿಗೆ ಒಂದು ಸ್ವರ, ಬಲಗಿವಿಗೆ ಒಂಚೂರು ಬೇರೆ ಸ್ವರ. ಎರಡರ ನಡುವೆ ಇರೋ ವ್ಯತ್ಯಾಸಾನ ಮೆದುಳು ತಾನೇ ಹಿಡ್ಕೊಂಡು ಆ ತಾಳಕ್ಕೆ ಇಳೀತದೆ ಕಣಮ್ಮ. ನಿದ್ದೆ ತಾನಾಗೇ ಬರ್ತದೆ."

"ಇಳೀತದೆ ಅಂತ ಯಾರು ಅಳೆದು ನೋಡಿದ್ರು ಚಿಕ್ಕಪ್ಪ?"

"ಡಬ್ಬಿ ಮೇಲೆ ಗ್ರಾಫ್ ಇದೆ ನೋಡು."

"ಗ್ರಾಫ್ ನಾನೂ ಬರೀತೀನಿ, ಒಂದು ಸ್ಕೇಲ್ ಕೊಡಿ."

"ಅತ್ತಿಗೆ, ಇವಳನ್ನ ಕಟ್ಕೊಳ್ಳೋನು ಕಿವಿಗೆ ಹತ್ತಿ ಇಟ್ಕೊಂಡೇ ಹಸೆಮಣೆಗೆ ಬರ್ಬೇಕು."

ಅಮ್ಮ ನಗಲಿಲ್ಲ. "ಹಾಕಪ್ಪ, ಕೇಳಣ" ಅಂದಳು.

ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದಳು. ಗುಂಯ್ ಅನ್ನುವ ಒಂದೇ ಸದ್ದು, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ನಿಂತ ಹಾಗೆ. ಕಾಲು ಗಂಟೆಯಲ್ಲಿ ಬಾಯಿ ತೆರೆದುಕೊಂಡಿತು. ಅವತ್ತು ಒಂದು ಗಂಟೆ ಮಲಗಿದಳು, ವಾರ ಕಳೆಯುವಷ್ಟರಲ್ಲಿ ಮೂರು ಗಂಟೆ. ಕಣ್ಣ ಕೆಳಗಿನ ಕಪ್ಪು ತಿಳಿಯಾಯಿತು.

ಮಗಳಾದವಳು ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ನಾನು ಆಗ ಡಿಗ್ರಿ ಎರಡನೇ ವರ್ಷದಲ್ಲಿದ್ದೆ, ಚರ್ಚಾಸ್ಪರ್ಧೆ ಅಂದರೆ ಶಿಡ್ಲಘಟ್ಟ, ಗೌರಿಬಿದನೂರು ಅಂತ ಬಸ್ಸು ಹತ್ತುವವಳು. ಚೀಟಿಯಲ್ಲಿ ಪರ ಬರಲಿ, ವಿರೋಧ ಬರಲಿ, ಕಪ್ ತರುತ್ತಿದ್ದೆ. ಅಪ್ಪನ ಹನ್ನೊಂದನೇ ದಿನದ ಕಾರ್ಯ ಮುಗಿದ ವಾರದಲ್ಲೇ ಒಂದು ತಂದಿದ್ದೆ. ಎರಡು ಕಿವಿಗೂ ಸ್ವರ ಬಿದ್ದರೆ ಮಾತ್ರ ಆ ತಾಳ ಹುಟ್ಟುತ್ತದೆ ಅಂತ ಚಿಕ್ಕಪ್ಪನೇ ಹೇಳಿದ್ದರಲ್ಲ, ಎದುರಾಳಿ ತಾನಾಗಿ ಕೊಟ್ಟ ಆಧಾರ ಅದು. ಅದಕ್ಕೇ ತಂತಿ ಕೊಯ್ದೆ.

ನಾಲ್ಕು ದಿನ ಅಮ್ಮ ಗೊತ್ತಿಲ್ಲದೆ ಬಲಗಿವಿಯೊಂದರಿಂದಲೇ ಕೇಳಿದಳು. ನಾಲ್ಕು ದಿನವೂ ಚೆನ್ನಾಗಿ ನಿದ್ದೆ ಮಾಡಿದಳು.

ಭಾನುವಾರ ಚಿಕ್ಕಪ್ಪ ಬಂದರು. ಮುದ್ದೆ, ಬಸ್ಸಾರು. ಇಯರ್‌ಫೋನ್ ತಂದು ತಟ್ಟೆಗಳ ನಡುವೆ ಇಟ್ಟೆ.

"ಎಡಗಡೇದು ನಾಲ್ಕು ದಿನದಿಂದ ಸತ್ತಿದೆ. ನಾನೇ ಕೊಯ್ದಿದ್ದು. ಆದ್ರೂ ಅಮ್ಮ ಮಲಗಿದ್ದಾಳೆ. ಹಂಗಾದ್ರೆ ಚಿಕ್ಕಪ್ಪ, ಆ ತಾಳ ಎಲ್ಲಿಂದ ಬಂತು?"

ಚಿಕ್ಕಪ್ಪನ ಕೈಯಲ್ಲಿ ಮುರಿದ ಮುದ್ದೆ ಹಾಗೇ ಉಳಿಯಿತು. "ಚಾಲು ತಲ್ಲೀ, ಚಾಲು" ಅಂತ, ಸಾಕು ತಾಯಿ ಅನ್ನುವುದನ್ನು ತೆಲುಗಿನಲ್ಲಿ ಹೇಳಿ, ಎಂಜಲು ಕೈಯನ್ನೇ ಜೋಡಿಸಿ ಮುಗಿದರು. "ಗೆದ್ದೆ. ಕಪ್ ಎಲ್ಲಿಡಲಿ ಹೇಳು."

ಅಮ್ಮ ಇಯರ್‌ಫೋನ್ ಎತ್ತಿಕೊಂಡು ಟೇಪು ಸುತ್ತಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಅಂದ್ರೆ ನಾನು ನಾಟಕ ಆಡ್ತಿದ್ನೇನೇ?"

"ಅಲ್ಲಮ್ಮ. ನಿದ್ದೆ ನಿಜ. ಕಾರಣ ಮಾತ್ರ ಸುಳ್ಳು."

"ನಿದ್ದೆ ಮಾಡಕ್ಕೆ ನಿಂಗೆ ಕಾರಣ ಬೇರೆ ಕೊಡ್ಬೇಕಾ" ಅಂದವಳು ಎದ್ದು ಕೈತೊಳೆದಳು.

ಚಿಂತಾಮಣಿಯಿಂದ ಹೊಸ ಇಯರ್‌ಫೋನ್ ತಂದುಕೊಟ್ಟೆ. ಅಮ್ಮ ಹಾಕಿಕೊಂಡು ಸೂರಿನ ಜಂತೆ ನೋಡುತ್ತಾ ಮಲಗಿರುತ್ತಿದ್ದಳು. "ಯಾವ ಕಿವೀದು ನಿಜ ಅಂತ ಹುಡುಕ್ತಾ ಇರ್ತೀನಿ ಕಣೇ" ಅಂದಳು ಒಂದು ದಿನ. ಅದರಲ್ಲಿ ಸಿಟ್ಟಿರಲಿಲ್ಲ. ಕಣ್ಣ ಕೆಳಗೆ ಕಪ್ಪು ಮತ್ತೆ ಬಂತು.

ಎರಡು ವಾರದ ಮೇಲೆ ಹಾಲಿಗೆ ಹೆಪ್ಪು ಕೇಳಲು ಪಕ್ಕದ ಮನೆಗೆ ಹೋದೆ. ಅವರ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳ ಮೇವು ಬಿಟ್ಟು, ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದೇ ಕೊನೆ. ಅದರಿಂದ ಎದ್ದ ಮೇಲೆ ಒಂದು ವಾರ ಬಿಡದೆ ತಿನ್ನುತ್ತವೆ, ಸರಸರ ಅಂತ, ಎಲೆಯ ಮೇಲೆ ಸಣ್ಣ ಹನಿ ಬೀಳುವ ಹಾಗೆ. ಆ ಬಾಗಿಲಲ್ಲಿ ನಿಂತೆ. ನಮ್ಮ ಮನೆಯಲ್ಲಿ ಈಗ ಯಾವ ಸದ್ದು ಇಲ್ಲ ಅನ್ನುವುದು ಅಲ್ಲಿ ಗೊತ್ತಾಯಿತು. ಗೊತ್ತಾಯಿತು ಅಷ್ಟೆ, ಎದೆಗೆ ಏನೂ ಇಳಿಯಲಿಲ್ಲ.

ಭಾಷಣ ಅಭ್ಯಾಸ ಮಾಡುವ ಟೇಪ್ ರೆಕಾರ್ಡರ್ ತಂದೆ. ಗೆದ್ದ ಭಾಷಣವೊಂದಿದ್ದ ಕ್ಯಾಸೆಟ್ಟನ್ನೇ ಹಾಕಿ, ಅದರ ಮೇಲೆ ಹುಳದ ಸದ್ದು ಹಿಡಿಯಲು ಕೂತೆ. ಆ ಮನೆಯ ಅಕ್ಕ ಸೊಪ್ಪು ಹಾಕುತ್ತಾ ಅಂದಳು, "ಹುಳದ ಹತ್ರ ಭಾಷಣ ಕಲಿಯಕ್ಕೆ ಬಂದ್ಯೇನೇ? ಅವು ತಿನ್ನೋವಾಗ ಬಾಯಿ ಬಿಡಲ್ಲ, ಅದನ್ನ ಮೊದ್ಲು ಕಲಿ."

ಮಧ್ಯಾಹ್ನ ಅಮ್ಮನ ತಲೆದಿಂಬಿನ ಪಕ್ಕ ರೆಕಾರ್ಡರ್ ಇಟ್ಟು ಒತ್ತಿದೆ. ಏನಂತ ಹೇಳಲಿಲ್ಲ. ಹೇಳಿದರೆ ಪ್ರಯೋಗ ಕೆಡುತ್ತದೆ.

"ನಾಲ್ಕು ಎದ್ದಿರೋ ಹುಳ" ಅಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ. ಉಸಿರು ನಿಧಾನವಾಯಿತು.

ಅರ್ಧ ಗಂಟೆಗೆ ಒಂದು ಬದಿ ಮುಗಿದು ಗುಂಡಿ ಟಕ್ ಅಂತ ಮೇಲೆದ್ದಿತು. ಅಮ್ಮ ಎದ್ದಳು. ಸೆರಗು ಸಿಕ್ಕಿಸಿಕೊಂಡು, ನನ್ನ ಕಡೆ ನೋಡದೆ ಹಿತ್ತಲು ದಾಟಿ ಹುಳದ ಮನೆಗೆ ಹೋದಳು. ಹಿಂದೆಯೇ ಹೋದೆ. ಸ್ಟ್ಯಾಂಡಿನ ಬರೀ ಹಲಗೆಯ ಮೇಲೆ ಎರಡೂ ಕೈಯಿಂದ ಸೊಪ್ಪು ಹರಡುತ್ತಿದ್ದಳು. ಸೊಪ್ಪಿರಲಿಲ್ಲ. ಕೈ ಮಾತ್ರ ಹಲಗೆಯ ಉದ್ದಕ್ಕೂ ಹೋಗಿ ಬಂತು. ತುದಿಗೆ ಬಂದಾಗ ಎಚ್ಚರವಾಯಿತು.

"ಸದ್ದು ನಿಂತ್ರೆ ಸೊಪ್ಪು ಮುಗೀತು ಅಂತ" ಅಂದಳು. "ಇಪ್ಪತ್ತು ವರ್ಷ ಹಂಗೇ ಎದ್ದಿದೀನಿ ಕಣೇ."

ನಾನು ಆಗಲೂ ಬಿಡಲಿಲ್ಲ. "ಬೆಳೆ ಮುಗಿದು ಹುಳ ಇಲ್ಲದ ದಿನಾನೂ ಇರ್ತಿತ್ತಲ್ಲಮ್ಮ. ಅವಾಗ ಹೆಂಗೆ ಮಲಗ್ತಿದ್ದೆ?"

ಅಮ್ಮ ಅಂಗೈಯ ಸುಣ್ಣದ ಧೂಳನ್ನು ಸೀರೆಗೆ ಒರೆಸಿಕೊಂಡಳು.

"ನಿಮ್ಮಪ್ಪನ ಗೊರಕೆ ಇರ್ತಿತ್ತಲ್ಲ."

ಒಬ್ಬಳು ಹೆಂಗಸು, ಒಂದು ಮಧ್ಯಾಹ್ನ, ಒಂದು ಕ್ಯಾಸೆಟ್: ಇದರಿಂದ ಏನೂ ಸಾಬೀತಾಗುವುದಿಲ್ಲ. ಆ ಗೊರಕೆಯ ಮಾತಿಗೂ ಖಂಡನೆ ನನ್ನ ನಾಲಿಗೆಯ ಮೇಲೆ ಸಿದ್ಧವಿತ್ತು. ಹೇಳಲಿಲ್ಲ.

ಮಾರನೆಯ ದಿನ ಪಕ್ಕದ ಮನೆಗೆ ಹೋಗಿ ಕ್ಯಾಸೆಟ್ಟಿನ ಇನ್ನೊಂದು ಬದಿಗೂ ಹುಳದ ಸದ್ದು ತುಂಬಿಸಿಕೊಂಡು ಬಂದೆ. ಊಟವಾದ ಮೇಲೆ ಅಮ್ಮನ ತಲೆಯ ಹತ್ತಿರ ಗಡಿಯಾರ ಇಟ್ಟುಕೊಂಡು ಕೂತೆ. ಬದಿ ಮುಗಿಯುವ ಒಂದು ನಿಮಿಷ ಮೊದಲು, ಸದ್ದು ನಡುವೆ ನಿಲ್ಲದ ಹಾಗೆ, ಹಳೆಯ ಪೇಪರೊಂದನ್ನು ಎಡಗೈಯಲ್ಲಿ ಸಣ್ಣಗೆ ಉಜ್ಜುತ್ತಾ, ಬಲಗೈಯಿಂದ ಗುಂಡಿ ಒತ್ತಿ ನಿಲ್ಲಿಸಿ, ಕ್ಯಾಸೆಟ್ ಹೊರಗೆ ತೆಗೆದೆ.

"ಅದು ಪೇಪರು" ಅಂದಳು ಅಮ್ಮ, ಕಣ್ಣು ತೆರೆಯದೆ.

ನನ್ನ ಕೈ ನಿಂತಿತು.

"ಗೊತ್ತಾಗ್ತದೆ ಕಣೇ. ನಿಲ್ಲಿಸ್ಬೇಡ."

ಉಜ್ಜುತ್ತಲೇ ಕ್ಯಾಸೆಟ್ ತಿರುಗಿಸಿ ಹಾಕಿದೆ. ಅಮ್ಮ ಏಳಲಿಲ್ಲ.