ಪೆಟ್ಟು ತಿಂದ ಬೆಳ್ಳಿ

ಕೋಬೆ ಬಂದರಿನ ಹಿಂದಿನ ಮಾರುಕಟ್ಟೆಯಲ್ಲಿ ಮೀನು ಮಾರುವ ತೊಕಿಯೆಗೆ ಜಂಬ ತುಸು ಜಾಸ್ತಿ ಎನ್ನುವವರಿದ್ದರು. ಅನ್ನಲಿ ಬಿಡಿ, ಸುಮ್ಮಸುಮ್ಮನೆ ಬಂದ ಜಂಬವಲ್ಲ ಅದು. ಮೆಯಿಜಿ ಚಕ್ರವರ್ತಿಯ ಕಾಲದ ಹಳೆಯ ಬೆಳ್ಳಿ ಯೆನ್ ನಾಣ್ಯಗಳನ್ನು ಅವಳು ಹರೆಯದಿಂದಲೂ ಕೂಡಿಡುತ್ತ ಬಂದಿದ್ದಳು. ಅದೂ ಎಂಥವು? ಮೇಲೆ ಅಚ್ಚಾದ ಡ್ರ್ಯಾಗನ್ನಿನ ಮೈತುಂಬ ಪೆಟ್ಟು ಬಿದ್ದವೇ ಆಗಬೇಕು. ಹಿಂದೆ ಅವು ಹಡಗು ಹತ್ತಿ ಚೀನಾಕ್ಕೆ ಹೋದಾಗ, ಅಲ್ಲಿನ ವರ್ತಕರು ಬೆಳ್ಳಿಯನ್ನು ಪರೀಕ್ಷಿಸಿ, ಅಸಲಿ ಎಂದು ತಮ್ಮ ಮುದ್ರೆ ಹೊಡೆದು ದಾಟಿಸುತ್ತಿದ್ದರು. ಸಂಗ್ರಹಕಾರರು ಇಂಥವನ್ನು ಕಂಡರೆ ಮೂಗು ಮುರಿಯುತ್ತಾರೆ. ಅವಳಲ್ಲಿದ್ದ ಕಲೆಯಿಲ್ಲದ ನಾಣ್ಯ ಒಂದೇ, ತೀರಿಹೋದ ಗಂಡ ಯೋಶಿಜೋ ಕೊಟ್ಟದ್ದು.

ನಾಣ್ಯಸಂಘದ ವಾರ್ಷಿಕ ಪ್ರದರ್ಶನದಲ್ಲಿ ಅವಳಿಗೆ ಪ್ರತಿಸಲವೂ ಸಿಗುತ್ತಿದ್ದುದು ಚಪ್ಪಲಿ ಗೂಡಿನ ಪಕ್ಕದ ಮೇಜು. ಒಮ್ಮೆಯಾದರೂ ತನ್ನ ನಾಣ್ಯಗಳು ಮೊದಲ ಮೇಜಿನಲ್ಲಿ ಕೂರಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು. ಈ ವರ್ಷ ಅಧ್ಯಕ್ಷ ಒಗಾತಾ ತಾವೇ ಅಂಗಡಿಗೆ ಬಂದು, ತಲೆಬಾಗಿ, ಮೊದಲ ಮೇಜು ನಿಮ್ಮದೇ ಎಂದರು. ಆದರೆ ಗಂಡ ಕೊಟ್ಟ ನಾಣ್ಯವನ್ನಷ್ಟೇ ತರಬೇಕಂತೆ.

ತೊಕಿಯೆ ಮೀನಿನ ಚೂರಿ ಕೆಳಗಿಟ್ಟಳು. "ಅದು ಡಬ್ಬೀಲಿ ಕೂತು ಬೆಳ್ಳಗಿದೆ, ಅಧ್ಯಕ್ಷರೇ. ಇವು ಊರೂರು ಸುತ್ತಿ, ಹೋದಲ್ಲೆಲ್ಲ ಪೆಟ್ಟು ತಿಂದು, ಅಸಲಿ ಅನ್ನಿಸ್ಕೊಂಡು ಬಂದಿರೋವು. ಇವನ್ನ ಬಿಟ್ಟು ನಾನು ಬರಲ್ಲ."

ಅವರು ಹೋದ ಮೇಲೆ ಚೂರಿ ಎತ್ತಿಕೊಂಡು, ಹೆರೆದ ಮೀನನ್ನೇ ಮತ್ತೆ ಹೆರೆದಳು. ಕೈಗೆ ಬಂದ ತುತ್ತನ್ನು ತಾನೇ ನೂಕಿದ್ದಳಲ್ಲ.

ಪ್ರದರ್ಶನದ ದಿನ ತೊಕಿಯೆಯ ಅಂಗಡಿಯಲ್ಲಿ ಮೀನಿಲ್ಲ. ಗಂಡ ಸತ್ತ ವಾರವೂ ಮುಚ್ಚದ ಅಂಗಡಿ! ಹಲಗೆಯನ್ನು ಮೀನಿನ ವಾಸನೆ ಹೋಗುವಂತೆ ಉಜ್ಜಿ, ಒಣಗಿಸಿ, ಮೇಲೆ ತನ್ನ ಮದುವೆಯ ರೇಷ್ಮೆ ನಡುಪಟ್ಟಿ ಹಾಸಿದಳು. ಪೆಟ್ಟು ತಿಂದವೆಲ್ಲ ಮುಂದೆ ಕೂತವು. ಯೋಶಿಜೋನ ನಾಣ್ಯ ಕೊನೆಯಲ್ಲಿ, ಅವನಿದ್ದಿದ್ದರೆ ನಗುತ್ತಿದ್ದ. ಹಾವುಮೀನು ಸುಡುವವನು, ತೋಫು ಮಾರುವವಳು, ಗಿರಾಕಿಗಳು, ಎಲ್ಲರೂ ಸಾಲುಗಟ್ಟಿದರು. ಕೈ ತೊಳೆದು, ಒರೆಸಿಕೊಂಡು, ಅಂಚನ್ನಷ್ಟೇ ಹಿಡಿಯಬೇಕೆಂದು ಒಬ್ಬೊಬ್ಬರಿಗೂ ಗದರಿದಳು.

ಸಂಜೆ ಹೊತ್ತಿಗೆ ತೋಫುವಿನವಳ ಹಿಂದೆ ಒಗಾತಾ ನಿಂತಿದ್ದರು, ಎದೆಯ ಮೇಲೆ ಸಂಘದ ಬಿಲ್ಲೆ. ಸರದಿ ಬಂದು ಕೈ ಚಾಚಿದರೆ ಅವರನ್ನೂ ನಲ್ಲಿಗೆ ಅಟ್ಟಿದಳು. ಅವರು ತೊಳೆದು ಬಂದು, ಒಂದು ನಾಣ್ಯದ ಅಂಚು ಹಿಡಿದು, ಮುದ್ರೆಗಳನ್ನು ಒಂದೊಂದಾಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಮುಂದಿನ ವರ್ಷ ಇವನ್ನೇ ಮೊದಲ ಮೇಜಿಗೆ ತನ್ನಿ, ತೊಕಿಯೆಯವರೇ."

"ಮೊದಲ ಮೇಜಿನ ಮುಂದೇನೇ ನಿಂತಿದೀರಲ್ಲ, ಅಧ್ಯಕ್ಷರೇ," ಎಂದಳು ತೊಕಿಯೆ. "ಸ್ವಲ್ಪ ಸರೀರಿ, ಹಿಂದೆ ಜನ ಕಾಯ್ತಿದಾರೆ."